ದಾರ ಹರಿದರೆ ಹರಿಯಲಿ

ನವನಗರ, ಬಾಗಲಕೋಟೆ

ಚಿ. ಪರಸೂಗೆ ನಿನ್ನ ಕಾಕಾನ ಆಶೀರ್ವಾದಗಳು.

ಮನೆ ಸುದ್ದಿಯನ್ನೆಲ್ಲ ವೈನಿ ಫೋನಿನಲ್ಲಿ ಹೇಳಿರ್ತಾರೆ, ಅದು ಬಿಡು. ಬಾಸ್ ಮೀನು ಹಿಡಿಯೋ ಜಿಗ್‌ಗೆ, ಅಂದರೆ ಆ ಭಾರದ ತಲೆಯ ಗಾಳಕ್ಕೆ, ಯಾವ ದಾರ ಕಟ್ಟಲಿ ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯೋಣ ಅಂತಲೇ ಕೂತೆ. ಆದರೆ ನಡುವೆ ಒಂದು ಸಾಲು ಹಾಕಿದ್ದೀಯಲ್ಲ, ಜಿಗ್ ಮುಳುಗಿದ ಮರಕ್ಕೆ ಸಿಕ್ಕಿತ್ತು, ದಾರ ಕೈಗೆ ಸುತ್ತಿಕೊಂಡು ಎದೆಮಟ್ಟ ನೀರಿಗಿಳಿದು ಬಿಡಿಸಿಕೊಂಡು ಬಂದೆ ಅಂತ. ಅದನ್ನು ಓದಿದ ಮೇಲೆ ಮುಂದಿನದು ತಲೆಗೆ ಹೋಗಲಿಲ್ಲ. ಒಬ್ಬನೇ ಇದ್ದೆಯಾ? ದಂಡೆ ಮೇಲೆ ಯಾರಾದರೂ ಇದ್ದರಾ?

ನಿನ್ನ ಟೆಕ್ಸಾಸಿನ ಲೇಕ್ ಫೋರ್ಕ್ ಹುಟ್ಟಾ ಕೆರೆ ಅಲ್ಲ. ಹಳ್ಳಕ್ಕೆ ಕಟ್ಟೆ ಕಟ್ಟಿ 1980ರಲ್ಲಿ ನೀರು ನಿಲ್ಲಿಸಿದ್ದು, ಮರಗಳನ್ನು ಎಷ್ಟೋ ಕಡೆ ಕಡಿಯದೆ ಹಾಗೇ ಬಿಟ್ಟರು ಅಂತ ಹಿಂದೆ ನೀನೇ ಬರೆದಿದ್ದೆ. ಟೆಕ್ಸಾಸಿನ ದಾಖಲೆ ಲಾರ್ಜ್‌ಮೌತ್ ಬಾಸ್ 1992ರಲ್ಲಿ ಸಿಕ್ಕಿದ್ದು ಅಲ್ಲೇ. 18.18 ಪೌಂಡ್, ಅಂದರೆ ಎಂಟು ಕಿಲೋಗೂ ಜಾಸ್ತಿ. ಆಸೆ ಹುಟ್ಟೋದು ಸಹಜ. ಆದರೆ ಅಂಥ ನೀರಿನ ತಳ ಸಪಾಟಾಗಿರೋದಿಲ್ಲ ತಮ್ಮಾ. ಹಳೇ ಹಳ್ಳದ ಪಾತ್ರ ಕೆಳಗೆ ಇದ್ದೇ ಇರುತ್ತದೆ. ಎದೆಮಟ್ಟ ಇದ್ದ ನೀರು ಮುಂದಿನ ಹೆಜ್ಜೆಗೆ ತಲೆ ಮೇಲೆ ಹೋಗುತ್ತದೆ.

ನಮ್ಮ ಓಣಿ ಆಲಮಟ್ಟಿ ಹಿನ್ನೀರಿಗೆ ಹೋದದ್ದು, ಆಮೇಲೆ ನನ್ನ ಗೆಳೆಯನಿಗೆ ಆದದ್ದು ನಿನಗೆ ಗೊತ್ತು. ಅದನ್ನು ಮತ್ತೆ ಹೇಳೋದಿಲ್ಲ. ಮನೆಯಲ್ಲಿ ಯಾರೂ ಹೇಳದ ಒಂದು ಮಾತು ಮಾತ್ರ ಹೇಳ್ತೇನೆ. ಅವನಿಗೆ ಈಜು ಚೆನ್ನಾಗಿಯೇ ಬರುತ್ತಿತ್ತು. ಆ ಜಾಗವೂ ಗೊತ್ತಿತ್ತು, ಹುಟ್ಟಿ ಬೆಳೆದ ಓಣಿಯೇ ಅದು. ಯಾರ ಹಿತ್ತಲಲ್ಲಿ ಬಾವಿ ಇತ್ತು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ. ಆದರೆ ನೀರು ನಿಂತ ಮೇಲೆ ಮಣ್ಣಿನ ಗೋಡೆ ಕುಸಿಯುತ್ತದೆ, ಹೂಳು ಕೂರುತ್ತದೆ, ಒಂದು ಗುರುತೂ ಉಳಿಯೋದಿಲ್ಲ. ಅವನು ಇಳಿದದ್ದು ಗೋಡೆಗೆ ಸಿಕ್ಕಿದ ಬಲೆ ಬಿಡಿಸಲಿಕ್ಕೆ. ಆ ಬಲೆ ನನ್ನ ಅಂಗಡಿಯದು. ಉದ್ರಿ ಕೊಟ್ಟಿದ್ದೆ. ಬಾಕಿ ನಾನು ಕೇಳಿರಲಿಲ್ಲ. ಆದರೂ ಇಳಿಯುವಾಗ ಅವನ ಮನಸ್ಸಿನಲ್ಲಿ ಆ ಬಾಕಿ ಇತ್ತೋ ಏನೋ. ಹೋಗಲಿ, ಇನ್ನೊಂದು ಬಲೆ ಒಯ್ಯಿ ಅಂತ ಮೊದಲೇ ಒಂದು ಮಾತು ಅಂದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಅನಿಸುತ್ತದೆ. ಈಗ ಅಣೆಕಟ್ಟೆಯಲ್ಲಿ 519.60 ಮೀಟರ್‌ವರೆಗೆ ನಿಲ್ಲಿಸ್ತಾರೆ. 524.256ಕ್ಕೆ ಏರಿಸೋ ಮಾತು ನಡೆದೇ ಇದೆ. ಏರಿಸಿದರೆ ಇನ್ನಷ್ಟು ಬಾವಿಗಳು ಒಳಗೆ ಹೋಗುತ್ತವೆ. ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ.

ದಾರದ ವಿಷಯ. ನಾನು ಬಲೆ, ಹಗ್ಗ, ನೈಲಾನ್ ದಾರ ಮಾರಿದವನು, ಬಾಸ್ ಹಿಡಿದವನಲ್ಲ. ಹೋದ ಸಲ ನೀನು ಬಿಟ್ಟುಹೋದ ದಾರಗಳನ್ನು ಜಗ್ಗಿ ನೋಡಿದ್ದೇನೆ. ಇಲ್ಲಿ ಹಿನ್ನೀರಿನಲ್ಲಿ ಕೊರವ ಮೀನಿಗೆ ರಬ್ಬರ್ ಕಪ್ಪೆ ಎಸೆಯೋ ಹುಡುಗರನ್ನೂ ಕೇಳಿದ್ದೇನೆ. ಅಷ್ಟರ ಮೇಲೆ ಬರೀತಿದ್ದೇನೆ, ತಪ್ಪಿದ್ದರೆ ತಿದ್ದಿಕೋ.

ನೈಲಾನ್ ಹಿಗ್ಗುತ್ತದೆ, ನೀರು ಕುಡಿದು ಸೊರಗುತ್ತದೆ. ಮೀನು ಜಿಗ್ ಬಾಯಿಗೆ ಹಾಕಿದ್ದು ಕೈಗೆ ಸರಿಯಾಗಿ ತಿಳಿಯೋದಿಲ್ಲ. ಫ್ಲೋರೋಕಾರ್ಬನ್ ಅನ್ನೋ ಇನ್ನೊಂದು ಬಗೆಯ ದಾರ ನೀರಿನಲ್ಲಿ ಮುಳುಗುತ್ತದೆ, ಕಾಣೋದು ಕಡಿಮೆ, ಕಲ್ಲಿಗೆ ಉಜ್ಜಿದರೂ ಬೇಗ ಸವೆಯೋದಿಲ್ಲ. ತಿಳಿ ನೀರು, ಕಲ್ಲು ತಳ ಇದ್ದಲ್ಲಿ 15 ಪೌಂಡಿನದು, ಅಂದರೆ ಅಷ್ಟು ಭಾರದ ಜಗ್ಗು ತಡೆಯೋದು ಹಾಕು, ಸಣ್ಣ ಜಿಗ್‌ಗೆ 10 ಅಥವಾ 12 ಸಾಕು. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚು, ಇಲ್ಲದಿದ್ದರೆ ಉಜ್ಜಿದ ಬಿಸಿಗೆ ಗಂಟಿನಲ್ಲೇ ಸೋಲುತ್ತದೆ.

ನೀನು ಮುಖ್ಯವಾಗಿ ಕೇಳಿದ್ದು ಬ್ರೇಡ್, ಅಂದರೆ ಎಳೆ ಹೆಣೆದ ದಾರದ ಬಗ್ಗೆ. ಜೊಂಡು, ಪಾಚಿ ದಟ್ಟವಾಗಿದ್ದಲ್ಲಿ 50, 65 ಪೌಂಡಿನ ಬ್ರೇಡ್ ಹಾಕ್ತಾರೆ, ಸರಿಯೇ. 50 ಪೌಂಡಿನದು ನೋಡಿದರೆ 12 ಪೌಂಡಿನ ನೈಲಾನಿನಷ್ಟೇ ದಪ್ಪ. ಹಿಗ್ಗೋದು ಇಲ್ಲವೇ ಇಲ್ಲ ಅನ್ನಬೇಕು. ನನಗೆ ಹೆದರಿಕೆ ಅದೇ. ಅಷ್ಟು ಸಪೂರ ದಾರ, ಅಷ್ಟು ಶಕ್ತಿ. ಕೈಗೆ ಸುತ್ತಿ ಜಗ್ಗಿದರೆ ಬೆರಳು ಕೊಯ್ಯುತ್ತದೆ. ಹರಿಯೋದೂ ಇಲ್ಲ. ಆಗ ನೀನು ನೀರಿಗೆ ಇಳೀತೀಯ.

ಅದಕ್ಕೇ ಬ್ರೇಡ್ ತುದಿಗೆ ಒಂದು ಮಾರು ಫ್ಲೋರೋಕಾರ್ಬನ್ ಕಟ್ಟು, 15 ಪೌಂಡಿನದು. ಎರಡು ದಾರ ಜೋಡಿಸೋ ಡಬಲ್ ಯೂನಿ ಗಂಟು ನಿನಗೆ ಬರುತ್ತದಲ್ಲ. ಸಿಕ್ಕಿಕೊಂಡರೆ ಅಲ್ಲೇ ಹರಿಯುತ್ತದೆ, ಉಳಿದ ದಾರ ನಿನ್ನ ಹತ್ತಿರ ಬರುತ್ತದೆ. ದಟ್ಟ ಕಸದಲ್ಲಿ ಇದು ಸಾಲದು, ದೊಡ್ಡ ಮೀನು ಹರಿದುಕೊಂಡು ಹೋಗಬಹುದು ಅಂತ ನಿನ್ನ ಗೆಳೆಯರು ಹೇಳ್ತಾರೆ. ನಿಜವೇ. ಆದರೂ ಮೀನು ಹೋದರೆ ಹೋಗಲಿ ಅನ್ನೋನು ನಾನು.

ಸಿಕ್ಕಿದ ಕೂಡಲೇ ಜಗ್ಗಬೇಡ, ಜಗ್ಗಿದಷ್ಟೂ ಗಾಳ ಒಳಗೆ ಕಚ್ಚುತ್ತದೆ. ದಾರ ಸಡಿಲ ಬಿಟ್ಟು ದಂಡೆ ಮೇಲೆಯೇ ಆ ಕಡೆಗೆ ನಡೆದು ಹೋಗಿ ಮೆಲ್ಲಗೆ ಅಲುಗಾಡಿಸು. ಬರದಿದ್ದರೆ ದಾರವನ್ನು ಒಂದು ಕಟ್ಟಿಗೆಗೆ ಸುತ್ತು, ಮುಖ ಬೇರೆ ಕಡೆ ತಿರುಗಿಸಿ ಹಿಂದಕ್ಕೆ ನಡಿ. ಕೆಲವು ಸಲ ಜಿಗ್ ಫಟ್ ಅಂತ ಬಿಟ್ಟುಕೊಂಡು ಹಾರಿ ಬರುತ್ತದೆ, ಕಣ್ಣು ಜೋಪಾನ. ಇಷ್ಟಾದರೂ ಬರದಿದ್ದರೆ ಅಲ್ಲಿಗೇ ಬಿಡು. ಈಜು ಬರುತ್ತದೆ ಅಂತ ಹೇಳಬೇಡ ನನಗೆ. ದೋಣಿ ಹತ್ತಿದರೆ ಲೈಫ್ ಜಾಕೆಟ್ ಹಾಕಿಕೋ, ಸೆಖೆ ಆದರೂ ಬಿಚ್ಚಬೇಡ.

ಒಂದು ಜಿಗ್‌ಗೆ ಎಷ್ಟು ಡಾಲರ್ ಬೀಳುತ್ತದೆ ಅಂತ ಬರೆ. ನೀನು ಗಳಿಸೋನು, ನನ್ನ ದುಡ್ಡು ನಿನಗೆ ಯಾಕೆ ಅಂತ ನಗಬೇಡ. ಈ ವರ್ಷ ಕಳೆದುಕೊಂಡ ಜಿಗ್‌ಗಳ ಲೆಕ್ಕ ಇಡು, ನೀರಿಗಿಳಿಯದೆ ಬಿಟ್ಟು ಬಂದವು ಮಾತ್ರ. ಅಷ್ಟೂ ದುಡ್ಡು ವೈನಿ ಕೈಯಲ್ಲಿ ಕೊಡ್ತೇನೆ, ನೀನು ಊರಿಗೆ ಬಂದಾಗ ಇಸಿದುಕೋ.

ಇಂತಿ,
ನಿನ್ನ ಕಾಕಾ