ನನ್ನ ನರಗಳ ಕೆಲಸ ಮಾಡಿಕೊಟ್ಟವರಿಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ನನ್ನ ಹೊಲಿಗೆ ಅಂಗಡಿ ಮತ್ತೆ ತೆರೆದಿದೆ. ಶಾಲೆ ಆರಂಭವಾಗುವ ಮುನ್ನ ಒಂದಷ್ಟು ಮಕ್ಕಳ ಸಮವಸ್ತ್ರಗಳನ್ನು ನಾನೇ ಕತ್ತರಿಸಿ, ನಾನೇ ಹೊಲಿದು ಕೊಟ್ಟಿದ್ದೇನೆ. ಹೋದ ವರ್ಷ ಇದೇ ಹೊತ್ತಿಗೆ ಮಂಗಳೂರಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಒಂದು ಬೆರಳನ್ನೂ ಅಲುಗಿಸಲಾಗದೆ ಮಲಗಿದ್ದೆ. ಎದುರು ಸಿಕ್ಕಿದವರಿಗೆಲ್ಲ ಬಾಯಿಮಾತಿನಲ್ಲಿ ಉಪಕಾರ ಸ್ಮರಿಸಿದ್ದಾಯಿತು. ಆದರೆ ಅವರಲ್ಲಿ ಹೆಚ್ಚಿನವರಿಗೆ ತಾವು ಏನು ಮಾಡಿದೆವು ಎಂಬುದೇ ಸರಿಯಾಗಿ ತಿಳಿದಿಲ್ಲ. "ಅಯ್ಯೋ, ನಾವೇನು ಮಾಡಿದ್ದೇವೆ" ಎಂದು ಕೈ ಕೊಡವಿ ಹೊರಟುಬಿಡುತ್ತಾರೆ. ಏನು ಮಾಡಿದಿರಿ ಎಂದು ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ.

ನನಗೆ ಬಂದ ಕಾಯಿಲೆಯ ಹೆಸರು ಗಿಯಾನ್ ಬಾರೆ ಸಿಂಡ್ರೋಮ್. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು. 2025ರ ಜನವರಿಯಲ್ಲಿ ಪುಣೆಯಲ್ಲಿ ಒಮ್ಮೆಲೇ ಅನೇಕರಿಗೆ ಬಂದಾಗ ಪತ್ರಿಕೆಗಳಲ್ಲಿ ಈ ಹೆಸರು ಓದಿದ್ದಿರಬಹುದು. ಹೊಟ್ಟೆಗೆ ಕೆಟ್ಟ ನೀರೋ ಆಹಾರವೋ ಸೇರಿ ಬೇಧಿಯಾಗುತ್ತದೆ, ಅದು ವಾಸಿಯೂ ಆಗುತ್ತದೆ. ಆದರೆ ಆ ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಕೆಲವರಲ್ಲಿ ಸ್ವಂತ ನರಗಳ ಮೇಲೆಯೇ ಎರಗುತ್ತವೆ. ರೋಗಾಣುವಿನ ಹೊರಮೈಯಲ್ಲೂ ನಮ್ಮ ನರಗಳ ಮೇಲೂ ಒಂದೇ ಬಗೆಯ ಅಂಶಗಳಿರುವುದು ಇದಕ್ಕೆ ಕಾರಣ. ನನ್ನ ವಿಷಯದಲ್ಲೂ ಹೀಗೆಯೇ ಆಯಿತೆಂದು ಯಾರೂ ಆಣೆ ಇಟ್ಟು ಹೇಳಲಿಲ್ಲ. ಹೊಟ್ಟೆ ಕೆಟ್ಟದ್ದಂತೂ ನಿಜ. ಅದು ಸರಿಹೋಗಿ ವಾರ ಕಳೆದ ಮೇಲೆ ಅಂಗಾಲು ಜುಮ್ಮೆನ್ನಲು ಶುರುವಾಯಿತು. ಮರುದಿನ ಹೊಲಿಗೆ ಯಂತ್ರದ ಪೆಡಲಿನಿಂದ ಪಾದ ಜಾರತೊಡಗಿತು. ಅದರ ಮರುದಿನ ಅಂಗಡಿಯ ಮೆಟ್ಟಿಲು ಹತ್ತಲಾಗಲಿಲ್ಲ.

ಮೊದಲ ವಂದನೆ ನಮ್ಮೂರ ಚಿಕಿತ್ಸಾಲಯದ ಹಿರಿಯ ವೈದ್ಯರಿಗೆ. ವಾಯು, ನಿಶ್ಶಕ್ತಿ, ರಕ್ತ ಕಡಿಮೆ ಎಂದು ಟಾನಿಕ್ ಬರೆದು ಕಳುಹಿಸುವುದು ಎಷ್ಟು ಸುಲಭವಿತ್ತು. ಅವರು ನನ್ನನ್ನು ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ರಬ್ಬರಿನ ಸುತ್ತಿಗೆಯಿಂದ ಮಂಡಿಚಿಪ್ಪಿನ ಕೆಳಗೆ ತಟ್ಟಿದರು. ಕಾಲು ಜಿಗಿಯಲಿಲ್ಲ. ಇನ್ನೊಂದು ಕಾಲಿಗೂ ತಟ್ಟಿದರು. ಅದೂ ಸುಮ್ಮನೆ ನೇತಾಡಿತು. ಅವರ ಮುಖ ಗಂಭೀರವಾದದ್ದು ಆಗಲೇ. ಮಂಡಿಗೆ ಏಟು ಬಿದ್ದಾಗ ತೊಡೆಯ ಸ್ನಾಯು ಹಿಗ್ಗುತ್ತದೆ. ಆ ಸುದ್ದಿಯನ್ನು ಜ್ಞಾನವಾಹಿ ನರ ಸೊಂಟದ ಮಟ್ಟದ ಮೆದುಳುಬಳ್ಳಿಗೆ ಒಯ್ಯುತ್ತದೆ. ಅಲ್ಲಿಂದಲೇ ಕ್ರಿಯಾವಾಹಿ ನರದ ಮೂಲಕ ಕಾಲಿಗೆ ಅಪ್ಪಣೆ ಬರುತ್ತದೆ. ಇಷ್ಟಕ್ಕೆ ಮೆದುಳಿನ ಒಪ್ಪಿಗೆ ಬೇಕಿಲ್ಲ. ಹಾಗಾಗಿ ಆ ಪುಟ್ಟ ಸುತ್ತಿಗೆ ಅವರಿಗೆ ಹೇಳಿದ್ದಿಷ್ಟು: ಕೆಟ್ಟಿರುವುದು ಮೆದುಳಲ್ಲ, ದಾರಿ. "ಮನೆಗೆ ಹೋಗುವುದು ಬೇಡ, ಇಲ್ಲಿಂದಲೇ ಮಂಗಳೂರಿಗೆ ಹೊರಡಿ" ಎಂದರು. ಅಂದು ರಾತ್ರಿಯೇ ನನ್ನ ಉಸಿರು ಸೋಲತೊಡಗಿತು. ಮನೆಗೆ ಹೋಗಿ ಮಲಗಿದ್ದರೆ ಈ ಬರಹ ಇರುತ್ತಿರಲಿಲ್ಲ.

ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯನ್ನು ಹಾದುಹೋಗುವಾಗ ಆಂಬುಲೆನ್ಸ್ ಚಾಲಕ ಸೈರನ್ ಹಾಕಿದ್ದು ಕೇಳಿಸಿತು. 2020ರ ಮಾರ್ಚಿನಲ್ಲಿ ಅದೇ ಗಡಿ ಮುಚ್ಚಿ, ಮಂಗಳೂರನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ದಾರಿ ಕಾಣದೆ ಪ್ರಾಣ ಬಿಟ್ಟದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಆ ಚಾಲಕ ಬಾಡಿಗೆಯನ್ನೂ ಅರ್ಧಕ್ಕಿಂತ ಹೆಚ್ಚು ಮುಟ್ಟಲಿಲ್ಲ. ಅವನ ತಾಯಿಯ ರವಿಕೆಗಳನ್ನು ಬಹಳ ಕಾಲದಿಂದ ನಾನೇ ಹೊಲಿಯುತ್ತಿದ್ದೇನೆ ಎಂದು ಆಮೇಲೆ ತಿಳಿಯಿತು.

ಇಲ್ಲಿ ಸ್ವಲ್ಪ ಪಾಠ ಹೇಳಲೇಬೇಕು. ಮೆದುಳು ಮತ್ತು ಮೆದುಳುಬಳ್ಳಿ ಸೇರಿದರೆ ಕೇಂದ್ರ ನರವ್ಯೂಹ. ಮೆದುಳಿನಿಂದ ಹೊರಡುವ 12 ಜೊತೆ, ಮೆದುಳುಬಳ್ಳಿಯಿಂದ ಹೊರಡುವ 31 ಜೊತೆ ನರಗಳು ಮೈಯೆಲ್ಲ ಹಬ್ಬಿರುವುದು ಪರಿಧಿ ನರವ್ಯೂಹ. ನನ್ನ ಕಾಯಿಲೆ ಎರಡನೆಯದರದ್ದು. ದಪ್ಪ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಪೊರೆ ಸುತ್ತಿರುತ್ತದೆ, ಆದರೆ ಉದ್ದಕ್ಕೂ ಅಲ್ಲ. ನಡುನಡುವೆ ಚಿಕ್ಕ ಚಿಕ್ಕ ತೆರವುಗಳಿವೆ. ಮಳೆಗಾಲದಲ್ಲಿ ನಾವು ತೋಡು ದಾಟುವಾಗ ಕಲ್ಲಿನಿಂದ ಕಲ್ಲಿಗೆ ಹಾರುವ ಹಾಗೆ ವಿದ್ಯುತ್ ಸಂದೇಶ ಒಂದು ತೆರವಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಅದರಿಂದಲೇ ಅತಿ ವೇಗದ ತಂತುಗಳಲ್ಲಿ ಸಂದೇಶ ಸೆಕೆಂಡಿಗೆ 100 ಮೀಟರ್ ದಾಟಿ ಓಡುತ್ತದೆ. ಪೊರೆಯಿಲ್ಲದ ಸಣ್ಣ ತಂತುಗಳಲ್ಲಿ ಅದು ಸೆಕೆಂಡಿಗೆ ಒಂದೆರಡು ಮೀಟರಷ್ಟೇ. ನನ್ನ ಪೊರೆ ಹಾಳಾಗಿತ್ತು. ಮೆದುಳು ಅಪ್ಪಣೆ ಕೊಡುತ್ತಲೇ ಇತ್ತು, ಕೈಕಾಲಿಗೆ ಅದು ತಲಪುತ್ತಿರಲಿಲ್ಲ. ಬುದ್ಧಿ, ನೆನಪು, ಕಿವಿ ಎಲ್ಲವೂ ಸ್ವಸ್ಥ. ನನ್ನ ಹಾಸಿಗೆಯ ಪಕ್ಕ ನಿಂತು "ಇವಳಿಗೇನು ಗೊತ್ತಾಗುತ್ತದೆ" ಎಂದು ಪಿಸುಗುಟ್ಟಿದವರ ಮಾತೂ ನನಗೆ ಚೆನ್ನಾಗಿ ಕೇಳಿಸಿದೆ. ಅವರಿಗೂ ನಮಸ್ಕಾರ.

ಇದನ್ನು 1916ರಲ್ಲಿ ಇಬ್ಬರು ಸೈನಿಕರಲ್ಲಿ ಗುರುತಿಸಿ ಬರೆದವರು ಫ್ರಾನ್ಸಿನ ಗಿಯಾನ್, ಬಾರೆ ಮತ್ತು ಸ್ಟ್ರೋಲ್ ಎಂಬ ಮೂವರು ವೈದ್ಯರು. ವಿದ್ಯುತ್ ಪರೀಕ್ಷೆಗಳ ಭಾಗವನ್ನು ನೋಡಿಕೊಂಡ ಸ್ಟ್ರೋಲ್‌ ಅವರ ಹೆಸರು ಕಾಲಕ್ರಮದಲ್ಲಿ ಬಿಟ್ಟೇಹೋಯಿತು. ಈ ಬರಹದಲ್ಲೂ ಯಾರಾದರೂ ಬಿಟ್ಟುಹೋಗಿದ್ದರೆ ಅವರು ಸ್ಟ್ರೋಲ್‌ ಅವರನ್ನು ನೆನೆದು ನನ್ನನ್ನು ಕ್ಷಮಿಸಬೇಕು.

ಆಸ್ಪತ್ರೆಯಲ್ಲಿ ವೈದ್ಯರು ಒಂದೇ ಉಸಿರಿಗೆ ಎಣಿಸಲು ಹೇಳಿದರು. ಇಪ್ಪತ್ತಕ್ಕೆ ಮುನ್ನವೇ ನಿಂತರೆ ಅವರು ಎಚ್ಚರಾಗುತ್ತಾರಂತೆ. ನಾನು ಹತ್ತನ್ನೂ ದಾಟಲಿಲ್ಲ. ಕುತ್ತಿಗೆಯ ಮಟ್ಟದಿಂದ ಇಳಿದು, ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ಆಡಿಸುವ ನರವೂ ಸೋತಿತ್ತು. ಆ ನರದ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಅಲ್ಲಿಂದ ಮುಂದೆ ನನ್ನ ಒಂದೊಂದು ನರದ ಕೆಲಸವನ್ನು ಒಬ್ಬೊಬ್ಬರು ವಹಿಸಿಕೊಂಡರು ಎಂದರೆ ಉತ್ಪ್ರೇಕ್ಷೆಯಲ್ಲ.

ಮುಖದ ನರ, ಅಂದರೆ ಏಳನೆಯ ಜೊತೆ, ಕೆಲಸ ನಿಲ್ಲಿಸಿದಾಗ ಕಣ್ಣು ಮುಚ್ಚಲು ಬರುವುದಿಲ್ಲ. ನಿದ್ದೆಯಲ್ಲೂ ತೆರೆದೇ ಇರುತ್ತದೆ, ಒಣಗಿ ಹುಣ್ಣಾಗುತ್ತದೆ. ಕಣ್ಣೂರಿನ ಕಡೆಯ ಸಿಸ್ಟರ್ ಒಬ್ಬರು ದಿನವೂ ರಾತ್ರಿ ಮುಲಾಮು ಹಾಕಿ, ರೆಪ್ಪೆಗಳನ್ನು ಬೆರಳಿನಿಂದ ಮೆಲ್ಲನೆ ಇಳಿಸಿ, ಮೇಲೊಂದು ಪಟ್ಟಿ ಅಂಟಿಸುತ್ತಿದ್ದರು. ಸತ್ತವರ ಕಣ್ಣು ಮುಚ್ಚುವುದನ್ನು ನೋಡಿದ್ದೇನೆ. ಬದುಕಿರುವವಳ ಕಣ್ಣನ್ನು ದಿನವೂ ಮುಚ್ಚಿ, ಬೆಳಗ್ಗೆ ನೆನಪಿಟ್ಟು ತೆರೆಯುವುದು ಬೇರೆಯೇ ಕೆಲಸ. ಅದೇ ಸಿಸ್ಟರ್ ರಾತ್ರಿಯಿಡೀ ನನ್ನ ರಕ್ತದೊತ್ತಡವನ್ನು ಕಾಯುತ್ತಿದ್ದರು. ಹೃದಯದ ಬಡಿತ, ರಕ್ತದೊತ್ತಡ, ಬೆವರು, ಕರುಳಿನ ಚಲನೆ ಇವನ್ನೆಲ್ಲ ನಮಗೆ ಗೊತ್ತಾಗದಂತೆ ನಡೆಸುವ ಸ್ವಾಯತ್ತ ನರಗಳಿಗೂ ಈ ಕಾಯಿಲೆ ತಟ್ಟುತ್ತದೆ. ಮಗ್ಗುಲು ಬದಲಿಸಿದರೂ ಸಾಕು, ಒತ್ತಡ ಒಮ್ಮೆ ಮುಗಿಲಿಗೆ, ಒಮ್ಮೆ ಪಾತಾಳಕ್ಕೆ. ಸಿಸ್ಟರ್, ನಿಮಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ಮಲಯಾಳದಲ್ಲಿ ಓದಿ ಹೇಳುವವರನ್ನು ಹುಡುಕಿದ್ದೇನೆ.

ಐದು ದಿನ ನನಗೆ ಇಮ್ಯುನೋಗ್ಲಾಬ್ಯುಲಿನ್ ಕೊಟ್ಟರು. ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 0.4 ಗ್ರಾಂ ಲೆಕ್ಕ. ನರಗಳ ಮೇಲೆ ಎರಗಿದ ಪ್ರತಿಕಾಯಗಳ ಹಾವಳಿಯನ್ನು ಅದು ತಗ್ಗಿಸುತ್ತದೆ. ಆ ಬಾಟಲಿಯಲ್ಲಿರುವುದು ಸಾವಿರಾರು ಜನರು ದಾನ ಮಾಡಿದ ರಕ್ತದ ಪ್ಲಾಸ್ಮಾದಿಂದ ಬೇರ್ಪಡಿಸಿ ತೆಗೆದ ಪ್ರತಿಕಾಯಗಳು. ಎಲ್ಲಿಯವರೋ, ಯಾವ ಜಾತಿಯವರೋ, ಯಾವ ಭಾಷೆಯವರೋ, ಅವರಿಗೆ ನಾನು ಗೊತ್ತಿಲ್ಲ. ಅಷ್ಟು ಜನ ನನ್ನ ರಕ್ತನಾಳಕ್ಕಿಳಿದರು. ಅದರ ಬೆಲೆ ಹೊಲಿಗೆಯವಳ ಕೈಗೆ ಎಟುಕುವಂಥದ್ದಲ್ಲ. ನಮ್ಮ ಮಹಿಳಾ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಅಕ್ಕಂದಿರು ಮನೆಮನೆಗೆ ಹೋದರು, ತಾಳಮದ್ದಳೆಯ ಗೆಳೆಯರು ಒಂದು ಕೂಟದ ಸಂಭಾವನೆಯನ್ನು ಪೂರ್ತಿ ಕೊಟ್ಟರು, ಶುಕ್ರವಾರ ಮಸೀದಿಯ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತವರಿದ್ದರು. ಲೆಕ್ಕದ ಪುಸ್ತಕ ಅಣ್ಣನ ಬಳಿ ಇದೆ. ಯಾರು ಬೇಕಾದರೂ ನೋಡಬಹುದು.

ಇನ್ನು ಅಣ್ಣನ ಮಗ. ಆಗ ಅವನು ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ಕೊರಳಲ್ಲಿ ನಳಿಕೆಯಿದ್ದುದರಿಂದ ನನಗೆ ಮಾತಿಲ್ಲ, ಕೈಯಿಲ್ಲ, ಮುಖದಲ್ಲಿ ಭಾವವೂ ಇಲ್ಲ. ಆದರೆ ಕಣ್ಣುಗುಡ್ಡೆಯನ್ನು ಆಡಿಸುವ ನರಗಳು ಬೇರೆ. ಮೂರು, ನಾಲ್ಕು, ಆರನೆಯ ಜೊತೆಗಳು. ಅವು ನನ್ನಲ್ಲಿ ಉಳಿದಿದ್ದವು. ಅದನ್ನು ಕಂಡುಹಿಡಿದವನು ಇವನೇ. ರಟ್ಟಿನ ಮೇಲೆ ದಪ್ಪ ಪೆನ್ನಿನಿಂದ ವರ್ಣಮಾಲೆ ಬರೆದು ತಂದ. ಕವರ್ಗ, ಚವರ್ಗ ಎಂದು ಸಾಲು ಸಾಲಾಗಿ ಬೆರಳಿಡುತ್ತಾನೆ. ನನಗೆ ಬೇಕಾದ ಸಾಲು ಬಂದಾಗ ನಾನು ಮೇಲೆ ನೋಡಬೇಕು. ಆಮೇಲೆ ಆ ಸಾಲಿನ ಒಂದೊಂದೇ ಅಕ್ಷರ. ಗುಣಿತ ಹಾಕುವಷ್ಟು ತಾಳ್ಮೆ ಇಬ್ಬರಿಗೂ ಇರಲಿಲ್ಲ, ಬರೀ ವ್ಯಂಜನ.

ನಾನು ಮೊದಲು ಆರಿಸಿದ್ದು ತವರ್ಗದ 'ನ'. ಆಮೇಲೆ ಟವರ್ಗದ 'ಣ'. ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. "ನಾಣ್ಯವೇ ಅತ್ತೆ?" ಎಂದ. ನಾನು ಕೆಳಗೆ ನೋಡಿದೆ, ಅಲ್ಲ ಎಂದು. ಅವನಿಗೆ ಅದು ಸಂಕೋಚದಂತೆ ಕಂಡಿತೋ ಏನೋ. "ದುಡ್ಡಿನ ಚಿಂತೆ ನಿಮಗೆ ಬೇಡ, ಅಪ್ಪ ನೋಡಿಕೊಳ್ಳುತ್ತಾರೆ" ಎಂದು ನನ್ನ ಕೈ ಹಿಡಿದು ಕಣ್ಣು ಒದ್ದೆ ಮಾಡಿಕೊಂಡ. ನನ್ನ ಕೆನ್ನೆಯ ಮೇಲೆ ಒಂದು ನೊಣ ಕುಳಿತಿತ್ತು. ಮೂಗಿನ ಕಡೆಗೆ ನಡೆಯುತ್ತಿತ್ತು. ಅದರ ಆರು ಕಾಲುಗಳೂ ನನಗೆ ಗೊತ್ತಾಗುತ್ತಿದ್ದವು, ಏಕೆಂದರೆ ಮುಖದ ಸ್ಪರ್ಶವನ್ನು ಒಯ್ಯುವುದು ಐದನೆಯ ಜೊತೆ ನರ, ಅದು ಸರಿಯಾಗಿಯೇ ಇತ್ತು. ಓಡಿಸುವ ನರ ಮಾತ್ರ ಇರಲಿಲ್ಲ. ಕೊನೆಗೆ ಅದು ತಾನಾಗಿ ಹಾರಿ ಅವನ ರಟ್ಟಿನ ಮೇಲೆಯೇ ಕುಳಿತಾಗ ಅವನಿಗೆ ಹೊಳೆಯಿತು. ಆ ದಿನ ನಗಲು ನನ್ನ ಮುಖಕ್ಕೆ ಆಗಲಿಲ್ಲ. ಆ ಸಾಲ ಈಗ ತೀರುತ್ತಾ ಇದೆ.

ಭೇಟಿಯ ಹೊತ್ತು ಉಳಿದರೆ ಅವನು ತನ್ನ ಜೀವಶಾಸ್ತ್ರ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ. ಪರೀಕ್ಷೆಗೆ ಓದಿದಂತೆಯೂ ಆಯಿತು, ಅತ್ತೆಗೆ ಹೊತ್ತು ಹೋದಂತೆಯೂ ಆಯಿತು. ನನಗೆ ಇಷ್ಟೆಲ್ಲ ಗೊತ್ತಿರುವುದು ಹಾಗೆ. ಉಳಿದದ್ದನ್ನು ವೈದ್ಯರನ್ನು ಪೀಡಿಸಿ ಕೇಳಿಕೊಂಡೆ.

ಅತ್ತಿಗೆಯ ಬಗ್ಗೆ ಬರೆಯುವುದು ಕಷ್ಟ. ನಿದ್ದೆಯಲ್ಲಿ ನಾವೆಲ್ಲ ಮಗ್ಗುಲು ಬದಲಿಸುತ್ತೇವೆ. ಒತ್ತಿದ ಚರ್ಮ ದೂರು ಕೊಡುತ್ತದೆ, ನಾವು ಏಳದೆಯೇ ಹೊರಳುತ್ತೇವೆ. ನನ್ನ ಆ ಹೊರಳುವಿಕೆಯನ್ನು ವಾರ್ಡಿಗೆ ಬಂದ ಮೇಲೆ ಅತ್ತಿಗೆ ಎರಡು ಗಂಟೆಗೊಮ್ಮೆ ಎದ್ದು ಮಾಡಿದರು. ನನ್ನ ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಅವರ ಸೊಂಟ ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ಮನೆಗೆ ಬಂದ ಮೇಲಿನ ತಿಂಗಳುಗಳು ಮನೆಗೇ ಬಂದು ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ತಂಡದವು ಮತ್ತು ಫಿಸಿಯೋಥೆರಪಿಯ ಹುಡುಗಿಯವು. ಪರಿಧಿ ನರಗಳ ಭಾಗ್ಯವೆಂದರೆ ಅವು ಮತ್ತೆ ಪೊರೆ ಕಟ್ಟಿಕೊಳ್ಳಬಲ್ಲವು. ಮೆದುಳುಬಳ್ಳಿಗೆ ಪೆಟ್ಟು ಬಿದ್ದವರಿಗೆ ಆ ಸೌಲಭ್ಯ ಅಷ್ಟಾಗಿ ಇಲ್ಲ. ಆದರೆ ಒಳಗಿನ ತಂತುವೇ ಕಡಿದಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಕಾಲಿನ ತುದಿಗೆ ಒಂದು ಮೀಟರ್ ಇಟ್ಟುಕೊಳ್ಳಿ, ಹತ್ತಿರ ಹತ್ತಿರ ಮೂರು ವರ್ಷ. ಈ ಲೆಕ್ಕ ಹೇಳಿ ಹೆದರಿಸದೆ, ಸುಳ್ಳು ಧೈರ್ಯವನ್ನೂ ಕೊಡದೆ, ಆ ಹುಡುಗಿ ಕೆಲಸ ಮಾಡಿಸಿದಳು. ಎದ್ದು ನಿಲ್ಲಲು ಬಂದ ಮೇಲೂ ಕಣ್ಣು ಮುಚ್ಚಿದರೆ ನಾನು ಬೀಳುತ್ತಿದ್ದೆ. ಪಾದ ಎಲ್ಲಿದೆ, ಕೀಲು ಎಷ್ಟು ಬಾಗಿದೆ ಎಂದು ಹಿಮ್ಮೆದುಳಿಗೆ ವರದಿ ಕೊಡುವ ದಪ್ಪ ತಂತುಗಳು ಚೇತರಿಸಿಕೊಂಡಿರಲಿಲ್ಲ. ಅವಳು ನನ್ನ ಯಂತ್ರವನ್ನು ಅಂಗಡಿಯಿಂದ ಮನೆಗೆ ತರಿಸಿ, ಪಟ್ಟಿ ಕಳಚಿ, ಬರೀ ಪೆಡಲು ತುಳಿಯಲು ಕೂರಿಸಿದಳು. ಮೊದಲು ಪಾದ ನೋಡುತ್ತಾ, ಆಮೇಲೆ ಎದುರಿನ ಗೋಡೆ ನೋಡುತ್ತಾ. ಹಿಮ್ಮಡಿ ಒತ್ತಿದಾಗ ಬೆರಳು ಏಳಬೇಕು, ಬೆರಳು ಒತ್ತಿದಾಗ ಹಿಮ್ಮಡಿ. ಬಾಲ್ಯದಲ್ಲಿ ಕಲಿತ ವಿದ್ಯೆಯನ್ನು ಮಗುವಿನಂತೆ ಮತ್ತೆ ಕಲಿಯುವುದು ನಾಚಿಕೆಯ ಸಂಗತಿಯಲ್ಲ ಎಂದು ಅವಳು ಬಾಯಲ್ಲಿ ಹೇಳಲಿಲ್ಲ; ನಾನು ತಪ್ಪಿದಾಗಲೆಲ್ಲ ಮೊಬೈಲ್ ನೋಡುವ ನಟನೆ ಮಾಡುತ್ತಿದ್ದಳು.

ಎದುರಿನ ಕಟ್ಟಡದ ಟೈಲರ್ ಅಣ್ಣ, ನೀವು ನನ್ನ ಪೈಪೋಟಿಯವರು. ಆದರೂ ಮದುವೆಯ ಮನೆಗಳ ರವಿಕೆಗಳನ್ನು ನನ್ನದೇ ಅಳತೆ ಪುಸ್ತಕ ನೋಡಿ ಹೊಲಿದು, ಕೂಲಿಯನ್ನು ನನ್ನ ಅತ್ತಿಗೆಯ ಕೈಗೆ ಕೊಟ್ಟಿರಿ. ತೋಳು ಸ್ವಲ್ಪ ಬಿಗಿಯಾಯಿತೆಂದು ಒಬ್ಬರು ದೂರಿದ್ದಾರೆ. ಅದನ್ನು ನಾನು ಬಿಚ್ಚಿ ಸರಿಮಾಡಿದ್ದೇನೆ, ಚಿಂತೆ ಬೇಡ.

ಹಳೆಯ ಚೀಟಿ ಇರುವವರು ಬಟ್ಟೆಯನ್ನು ಒಯ್ಯಬಹುದು. ಎಲ್ಲವೂ ಕಪಾಟಿನಲ್ಲಿ ಸುರಕ್ಷಿತವಾಗಿದೆ. ಕತ್ತರಿಸುವುದು, ಹೊಲಿಯುವುದು ನನ್ನಿಂದಾಗುತ್ತದೆ. ಹುಕ್ ಮತ್ತು ಕಾಜಾ ಮಾತ್ರ ಇನ್ನೂ ಪಕ್ಕದ ಮನೆಯ ಹುಡುಗಿ ಮಾಡುತ್ತಿದ್ದಾಳೆ, ಏಕೆಂದರೆ ನನ್ನ ಬೆರಳ ತುದಿಗೆ ಸೂಜಿಯ ಸುದ್ದಿ ಈಗಲೂ ಸ್ವಲ್ಪ ಅಸ್ಪಷ್ಟ. ಆದ್ದರಿಂದ ರವಿಕೆಗೆ ಎರಡು ದಿನ ಹೆಚ್ಚು ಹಿಡಿಯುತ್ತದೆ. ಬುಧವಾರ ಮಧ್ಯಾಹ್ನದ ಮೇಲೆ ಫಿಸಿಯೋಥೆರಪಿ ಇರುವುದರಿಂದ ಅಂಗಡಿ ತೆರೆದಿರುವುದಿಲ್ಲ.