ಹತ್ತು ಗಂಟೆಗೆ ನನ್ನ ತಮ್ಮ ಎಲ್ಲಿಗೆ ಹೋಗಬೇಕು? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಶಿಡ್ಲಘಟ್ಟ ತಾಲ್ಲೂಕಿನ ಮತದಾರಳೊಬ್ಬಳ ನಮಸ್ಕಾರಗಳು.

ನನ್ನ ತಮ್ಮನ ವಿಷಯವಾಗಿ ಬರೆಯುತ್ತಿದ್ದೇನೆ. ಅವನಿಗೆ ಮೂವತ್ತೇಳು ವರ್ಷ. ಹುಟ್ಟಿನಿಂದ ಡೌನ್ ಸಿಂಡ್ರೋಮ್, ಬುದ್ಧಿಯ ಬೆಳವಣಿಗೆ ನಿಧಾನವಾಗುವ ಸ್ಥಿತಿ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರಿನವರು ಅವನನ್ನು ಇಟ್ಟ ಹೆಸರಿನಿಂದ ಕರೆದದ್ದೇ ಕಡಿಮೆ, ಕರೆದ ಬೇರೆ ಹೆಸರುಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಅವನೂ ನಿಮ್ಮ ಮತದಾರ. ಕಳೆದ ಚುನಾವಣೆಯಲ್ಲಿ ಸಾಲಿನಲ್ಲಿ ನಿಂತು ಓಟು ಹಾಕಿ ಬಂದವನು, ಬೆರಳಿನ ಶಾಯಿ ಅಳಿಸೀತೆಂದು ಮೂರು ದಿನ ಎಡಗೈಯನ್ನು ನೀರಿಗೆ ಸೋಕಿಸಲಿಲ್ಲ.

ಬೆಳಿಗ್ಗೆ ಎದ್ದವನೇ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಹೆಗಲಿಗೆ ಬ್ಯಾಗು ಏರಿಸಿ ಬಾಗಿಲಲ್ಲಿ ನಿಲ್ಲುತ್ತಾನೆ. ಬ್ಯಾಗಿನಲ್ಲಿ ಊಟದ ಡಬ್ಬಿ ಇರಲೇಬೇಕು. ಕಟ್ಟಿಕೊಡದ ದಿನ ಮಧ್ಯಾಹ್ನ ಏನೂ ತಿನ್ನುವುದಿಲ್ಲ. ಪಕ್ಕದ ಮನೆಯ ಹುಡುಗಿಯರು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ನಮ್ಮ ಯಜಮಾನರು ಹಿಪ್ಪುನೇರಳೆ ತೋಟಕ್ಕೆ ಹೊರಡುತ್ತಾರೆ. ನನ್ನ ಮಕ್ಕಳ ಸ್ಕೂಲ್ ವ್ಯಾನ್ ಬಂದು ಹೋಗುತ್ತದೆ. ಹತ್ತು ಗಂಟೆಯಾಗುತ್ತದೆ. ಅವನು ನನ್ನ ಕಡೆ ತಿರುಗಿ ಕೇಳುತ್ತಾನೆ, "ಅಕ್ಕಾ, ನಂದು?"

ತನ್ನ ವ್ಯಾನ್ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಾನೆ. ಮೊದಲು ಅಮ್ಮನನ್ನು ಕೇಳುತ್ತಿದ್ದ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು, ಈಗ ನನ್ನನ್ನು ಕೇಳುತ್ತಾನೆ. ನನ್ನ ಹತ್ತಿರ ಉತ್ತರವಿಲ್ಲ. ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

2006ರಲ್ಲಿ ಹದಿನೆಂಟು ತುಂಬುವವರೆಗೆ ಅವನು ಬೇರೆ ಊರಿನ ವಿಶೇಷ ಶಾಲೆಯೊಂದರಲ್ಲಿ ಇದ್ದ. ಅಲ್ಲಿ ತನ್ನ ಬಟ್ಟೆ ತಾನೇ ಒಗೆದು ಮಡಿಸುವುದು, ನೂರರವರೆಗೆ ಎಣಿಸುವುದು, ನೋಟು ಗುರುತು ಹಿಡಿಯುವುದು ಕಲಿತ. ವಯಸ್ಸು ಮೀರಿತೆಂದು ಮನೆಗೆ ಕಳಿಸಿದರು. ಆ ಶಾಲೆಯವರನ್ನು ದೂರುವುದಿಲ್ಲ, ಅವರು ನನ್ನ ತಮ್ಮನನ್ನು ಚೆನ್ನಾಗಿ ನೋಡಿಕೊಂಡರು. ಮನೆಗೆ ಬಂದ ಎರಡು ಮೂರು ವರ್ಷದಲ್ಲೇ ನೂರರ ಎಣಿಕೆ ಮೂವತ್ತಕ್ಕೆ ಇಳಿಯಿತು. ನೋಟುಗಳೂ ಮರೆತವು. ನಾನು ಹಲವು ವರ್ಷ ಅತಿಥಿ ಶಿಕ್ಷಕಿಯಾಗಿದ್ದವಳು. ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳು ಮಗ್ಗಿ ಮರೆತಿರುವುದನ್ನು ವರ್ಷ ವರ್ಷವೂ ನೋಡಿದ್ದೇನೆ. ಇವನ ರಜೆ ಶುರುವಾಗಿ ಹತ್ತೊಂಬತ್ತು ವರ್ಷವಾಯಿತು.

ಹದಿನೆಂಟು ಎಂಬ ಆ ಅಂಕಿ ಇವತ್ತಿಗೂ ಅಲ್ಲೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದೆ ಏಳೇ ಇದ್ದ ವಿಕಲತೆಗಳ ಪಟ್ಟಿಯನ್ನು ಅದು ಇಪ್ಪತ್ತೊಂದಕ್ಕೆ ಏರಿಸಿತು. ಆಟಿಸಂ ಇರುವವರ ಹೆಸರೂ ಅದರಲ್ಲಿ ಬಂತು. ಆದರೆ ಉಚಿತ ಶಿಕ್ಷಣದ ಹಕ್ಕು ಆರರಿಂದ ಹದಿನೆಂಟು ವರ್ಷದವರೆಗೆ. ಅದೇ ಕಾಯ್ದೆಯ 5ನೇ ಸೆಕ್ಷನ್, ವಿಕಲಚೇತನರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ, ಅದಕ್ಕೆ ಬೇಕಾದ ನೆರವಿನ ಸೇವೆಗಳು ಮನೆಯಲ್ಲಿ, ಊರಿನಲ್ಲಿ ಸಿಗುವಂತೆ ಮಾಡಲು ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಹದಿನೆಂಟರ ಆಚೆ ನಮಗೆ ಹಿಡಿಯಲು ಸಿಗುವ ಹಗ್ಗ ಅದೊಂದೇ. ಅದರ ಇನ್ನೊಂದು ತುದಿ ನಮ್ಮ ಊರಿನವರೆಗೆ ಬಂದಿಲ್ಲ.

ಮಾಸಾಶನ ಬರುತ್ತಿದೆ, ಅದಕ್ಕೆ ಕೃತಜ್ಞಳು. ಅದು ಅವನ ಔಷಧಿಗೆ, ಸೋಪಿಗೆ, ಒಂದು ಜೊತೆ ಬಟ್ಟೆಗೆ ಆಗುತ್ತದೆ. ಹತ್ತು ಗಂಟೆಗೆ ಹೋಗಲು ಒಂದು ಜಾಗವನ್ನು ಮಾಸಾಶನದಿಂದ ಕೊಳ್ಳಲು ಆಗುವುದಿಲ್ಲ.

ಅವನಿಗೆ ಏನು ಬರುತ್ತದೆ ಎಂದು ನೀವು ಕೇಳಬಹುದು. ನಮ್ಮದು ರೇಷ್ಮೆ ಮನೆ. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಹುಳು ನಾಲ್ಕನೇ ಜ್ವರ ಎದ್ದು, ಏಳೆಂಟು ದಿನ ಸೊಪ್ಪು ಮೇದು, ಗೂಡು ಕಟ್ಟಲು ಹಣ್ಣಾಗುವ ಹೊತ್ತಿಗೆ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲವಲ್ಲ, ಆಗ ಅವನನ್ನು ನೋಡಬೇಕು. ಸಾವಿರಾರು ಹುಳುವಿನ ನಡುವೆ ಮೈ ಹೊಳಪಾಗಿ ಹಣ್ಣಾದದ್ದನ್ನು ನನಗಿಂತ ಮೊದಲು ಗುರುತಿಸುತ್ತಾನೆ, ಎರಡು ಬೆರಳಲ್ಲಿ ನೋಯದ ಹಾಗೆ ಎತ್ತಿ, ಹುಳು ಗೂಡು ಕಟ್ಟುವ ಚಂದ್ರಿಕೆಯ ತಟ್ಟೆಗೆ ಬಿಡುತ್ತಾನೆ. ಊಜಿ ನೊಣ ಕೂತ ಹುಳುವಿನ ಮೈಮೇಲಿನ ಕಪ್ಪು ಚುಕ್ಕೆ ಅವನ ಕಣ್ಣು ತಪ್ಪಿಸುವುದಿಲ್ಲ. ಗೂಡು ಬಿಡಿಸಿದ ಮೇಲೆ ಎರಡು ಹುಳು ಸೇರಿ ಕಟ್ಟಿದ ಡಬಲ್ ಗೂಡು, ಕರೆ ಹಿಡಿದ ಗೂಡು, ಒತ್ತಿದರೆ ಮೆತ್ತಗಾಗುವ ಗೂಡು ಎಲ್ಲವನ್ನೂ ಬೇರೆ ಬೇರೆ ಬುಟ್ಟಿಗೆ ಹಾಕುತ್ತಾನೆ. ಮಾರುಕಟ್ಟೆಯಲ್ಲಿ ಲಾಟಿಗೆ ಕೈಹಾಕಿ ನೋಡುವ, ಗೂಡು ಕೊಂಡು ನೂಲು ತೆಗೆಸುವ ರೀಲರ್ ಒಬ್ಬರು, "ನಿಮ್ಮ ಮನೆ ಗೂಡು ಯಾರು ಆರಿಸೋದು?" ಎಂದು ಒಮ್ಮೆ ನಮ್ಮ ಯಜಮಾನರನ್ನು ಕೇಳಿದ್ದರು. ಇದನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಕೆಲಸವನ್ನು ಒಂದೇ ರೀತಿ ಇನ್ನೂರು ಸಲ ತೋರಿಸಿದರು. ಅಷ್ಟು ತಾಳ್ಮೆ ಇರುವವರು ಸಿಕ್ಕರೆ ಅವನು ಕಲಿಯುತ್ತಾನೆ. ಆದರೆ ಒಂದು ಬೆಳೆಯಲ್ಲಿ ಈ ಕೆಲಸ ಇರುವುದು ನಾಲ್ಕೈದು ದಿನ. ಉಳಿದ ದಿನಗಳಲ್ಲಿ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ.

ಅಮ್ಮ ಹೋದ ಮೇಲೆ ಅವನನ್ನು ನಮ್ಮ ಮನೆಗೆ ಕರೆತಂದೆ. ಶಾಲೆಯ ಕೆಲಸ ಬಿಟ್ಟೆ. ಬಿಟ್ಟಿದ್ದಕ್ಕೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಯಜಮಾನರು ಒಂದು ಮಾತೂ ಆಡಿಲ್ಲ, ಎಲ್ಲ ಮನೆಯಲ್ಲೂ ಹೀಗಿರುವುದಿಲ್ಲ ಎಂದು ನನಗೆ ಗೊತ್ತು. ಮೊದಲ ಪೆಟ್ಟು ಬಿದ್ದದ್ದು ಬ್ಯಾಂಕೊಂದರಲ್ಲಿ. ಅವನ ಖಾತೆಯನ್ನು ನಾನು ನೋಡಿಕೊಳ್ಳಬೇಕಾದರೆ ಪಾಲಕತ್ವದ ಪತ್ರ ಬೇಕೆಂದರು. ಆಗಲೇ ನನಗೆ ತಿಳಿದದ್ದು, ಹದಿನೆಂಟು ದಾಟಿದ ಮಗನಿಗೆ ಹೆತ್ತ ತಾಯಿಯೂ ತನ್ನಿಂತಾನೇ ಕಾನೂನಿನ ಪಾಲಕಿಯಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವ ವಯಸ್ಕರಿಗೆ ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ಒಳ್ಳೆಯ ವ್ಯವಸ್ಥೆಯೇ, ಕೋರ್ಟಿಗೆ ಅಲೆಯಬೇಕಿಲ್ಲ. ಆದರೆ ಅಮ್ಮನಿಗೆ ಅದರ ಹೆಸರನ್ನೂ ಯಾರೂ ಹೇಳಿರಲಿಲ್ಲ. ಮೊದಲೇ ಮಾಡಿಸಿಟ್ಟಿದ್ದರೆ, ಅವರ ತಿಥಿ ಮುಗಿದ ವಾರದಲ್ಲಿ ನಾನು ಅವನ ಕೈಹಿಡಿದು ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಚಿಕ್ಕಬಳ್ಳಾಪುರಕ್ಕೆ ಮತ್ತೆ ಮತ್ತೆ ಓಡಾಡಬೇಕಿರಲಿಲ್ಲ. ಶಕ್ತಿ ಯೋಜನೆಯಿಂದ ನನಗೆ ಬಸ್ಸು ಉಚಿತ. ಕಚೇರಿ ವರಾಂಡದಲ್ಲಿ ಮೂರು ಗಂಟೆ ಕೂತು ಅವನು ಅತ್ತದ್ದನ್ನು ಮಾತ್ರ ಮರೆಯಲಾಗುತ್ತಿಲ್ಲ.

ಆ ಓಡಾಟದಲ್ಲಿ ನಮ್ಮಂಥವರು ಇನ್ನೂ ಇದ್ದಾರೆಂದು ಗೊತ್ತಾಯಿತು. ಸುತ್ತಲಿನ ಊರುಗಳಲ್ಲಿ ಹನ್ನೊಂದು ಮನೆಗೆ ಹೋಗಿ ಬಂದೆ. ಎಲ್ಲರೂ ಹದಿನೆಂಟು ದಾಟಿದವರು. ಒಂದು ಮನೆಯಲ್ಲಿ ಇಪ್ಪತ್ತಾರು ವರ್ಷದ ಹುಡುಗಿ, ಮಾತು ಬಾರದು. ತಾಯಿ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಕೆಲಸಕ್ಕೆ ಹೋಗುವಾಗ ಅವಳನ್ನು ಒಳಗಿಟ್ಟು ಹೊರಗಿನಿಂದ ಚಿಲಕ ಹಾಕುತ್ತಾರೆ. ಬೈಯುವುದು ಸುಲಭ. ಹಾಕದೆ ಹೋದರೆ ಆ ತಾಯಿ ಯಾರನ್ನು ನಂಬಬೇಕು? ಅವರು ನನ್ನನ್ನು ಪಕ್ಕಕ್ಕೆ ಕರೆದು, "ಗರ್ಭಕೋಶ ತೆಗೆಸಿಬಿಡಲಾ? ತಿಂಗಳ ಕಷ್ಟವೂ ತಪ್ಪುತ್ತೆ, ಏನಾದರೂ ಆದರೆ ಅನ್ನೋ ಭಯವೂ ತಪ್ಪುತ್ತೆ" ಎಂದು ಕೇಳಿದರು. ಬೇಡ ಎಂದೆ. ಬೇಡ ಎಂದವಳು ಅವರಿಗೆ ಬೇರೇನು ಕೊಟ್ಟೆ? ಹಗಲಿನಲ್ಲಿ ಆ ಹುಡುಗಿಯನ್ನು ನಂಬಿಕೆಯಿಂದ ಬಿಟ್ಟು ಹೋಗಬಹುದಾದ ಒಂದು ಜಾಗ ಇದ್ದಿದ್ದರೆ ಆ ಮಾತು ಆ ತಾಯಿಯ ಬಾಯಲ್ಲಿ ಬರುತ್ತಿರಲಿಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರು 13,24,205. ಅವರಲ್ಲಿ ಬೌದ್ಧಿಕ ವಿಕಲತೆ ಇರುವವರೆಂದು ಬರೆದದ್ದು 93,974. ಆಟಿಸಂಗೆ ಆಗ ಪ್ರತ್ಯೇಕ ಕಲಂ ಇರಲಿಲ್ಲ. ಈ ಲೆಕ್ಕದಲ್ಲಿ ನನ್ನ ತಮ್ಮ ಇಲ್ಲ. ಗಣತಿಗೆ ಬಂದ ಮೇಷ್ಟ್ರಿಗೆ ಅಮ್ಮ, "ಮಗನಿಗೆ ಮಾತು ಸ್ವಲ್ಪ ಕಡಿಮೆ, ಅಷ್ಟೇ" ಎಂದುಬಿಟ್ಟಿದ್ದರು. ನನಗೆ ಮದುವೆ ಆಗಬೇಕಿತ್ತು.

ಈಗ ನಾನು ಕೇಳುತ್ತಿರುವುದನ್ನು ನೇರವಾಗಿ ಹೇಳುತ್ತೇನೆ. ನಮ್ಮ ತಾಲ್ಲೂಕಿಗೆ ವಯಸ್ಕರಿಗಾಗಿ ಒಂದು ಹಗಲು ಕೇಂದ್ರ ಬೇಕು. ಹತ್ತಕ್ಕೆ ತೆರೆದು ನಾಲ್ಕೂವರೆಗೆ ಮುಚ್ಚುವ, ಸಂಜೆ ಎಲ್ಲರೂ ತಮ್ಮ ತಮ್ಮ ಮನೆಗೆ ಮರಳುವ ಕೇಂದ್ರ. ದೂರದ ಆಶ್ರಮವೊಂದರಲ್ಲಿ ಬಿಟ್ಟು ಬನ್ನಿ ಎಂದು ಹೇಳುವವರು ನಮಗೆ ಸಾಕಷ್ಟು ಜನ ಸಿಕ್ಕಿದ್ದಾರೆ. ಅವನಿಗೆ ಬೇಕಿರುವುದು ಟೀ ಅಂಗಡಿಯವರು ಗುರುತು ಹಿಡಿದು ಮಾತಾಡಿಸುವ ಇದೇ ಊರು. ಕೇಂದ್ರ ನಡೆಸಲು ಮಕ್ಕಳಿಲ್ಲದೆ ಮುಚ್ಚಿದ ಸರ್ಕಾರಿ ಶಾಲೆಯ ಎರಡು ಕೋಣೆ ಸಾಕು. ಶೌಚಾಲಯ, ಇಳಿಜಾರು, ಸುತ್ತುಗೋಡೆಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ನಿಮ್ಮ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಒಂದು ಸಣ್ಣ ಪಾಲು ಸಾಕು.

ಕಟ್ಟಡ ಎದ್ದೀತು. ಕಷ್ಟವಾಗುವುದು ಅದರೊಳಗಿನ ಮನುಷ್ಯರಿಗೆ ಸಂಬಳ ಹುಟ್ಟಿಸುವುದು, ವ್ಯಾನಿಗೆ ಡೀಸೆಲ್ ಹಾಕಿಸುವುದು. ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗೆಂದು ತೆಗೆದಿಡುವ ಶೇ 5ರ ಹಣ ಇದೆ. ನಮ್ಮ ಕಡೆ ಅದು ಹೆಚ್ಚಾಗಿ ತ್ರಿಚಕ್ರ ವಾಹನ, ಊರುಗೋಲು, ಹಾಸಿಗೆಯ ರೂಪದಲ್ಲಿ ಹಂಚಿಕೆಯಾಗುತ್ತದೆ. ನಡೆಯಲಾಗದವರಿಗೆ ಅವು ಬೇಕೇ ಬೇಕು. ಆದರೆ ನನ್ನ ತಮ್ಮನಿಗೆ ಕೊಡಬಹುದಾದ ಸಾಮಾನು ಯಾವುದೂ ಇಲ್ಲ, ಅವನಿಗೆ ಬೇಕಿರುವುದು ಜೊತೆಗಿರುವ ಒಬ್ಬ ಮನುಷ್ಯ. ಪಂಚಾಯಿತಿಗಳು ತಮ್ಮಲ್ಲಿರುವ ಇಂಥವರ ಸಂಖ್ಯೆಗೆ ತಕ್ಕಂತೆ ಆ ಶೇ 5ರಲ್ಲಿ ಒಂದಷ್ಟನ್ನು ಕೇಂದ್ರಕ್ಕೆ ಸೇರಿಸುವಂತೆ ನೀವು ಕೂತು ಮಾತಾಡಿದರೆ ಆಗುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನಲ್ಲಿ ಹಗಲು ಕೇಂದ್ರಕ್ಕೆ, ಆಮೇಲೆ ವಯಸ್ಕರ ಗುಂಪು ಮನೆಗೆ ಯೋಜನೆಗಳಿವೆ. ನೋಂದಾಯಿತ ಸಂಸ್ಥೆಯೊಂದು ಅರ್ಜಿ ಹಾಕಬೇಕು. ನಮ್ಮ ಮನೆಯಿಂದ ದಿನವೂ ಹೋಗಿ ಬರುವಷ್ಟು ಹತ್ತಿರದಲ್ಲಿ ಅಂಥದ್ದು ನನಗೆ ಸಿಕ್ಕಿಲ್ಲ. ಒಂದನ್ನು ಇಲ್ಲಿಗೆ ಕರೆತರುವುದು ನಿಮಗೆ ಸಾಧ್ಯ, ನನಗೆ ಆಗುವುದಿಲ್ಲ.

ಇದು ಆಗದ ಮಾತೇನಲ್ಲ. ಪಕ್ಕದ ಕೇರಳದಲ್ಲಿ ತಿರುವನಂತಪುರದ ಹತ್ತಿರದ ವೆಂಗನೂರು ಗ್ರಾಮ ಪಂಚಾಯಿತಿ 2004ರಲ್ಲಿ ಬೌದ್ಧಿಕ ವಿಕಲತೆ ಇರುವವರಿಗಾಗಿ ಮೊದಲ ಬಡ್ಸ್ ಶಾಲೆ ತೆರೆಯಿತು. ಅಲ್ಲಿನ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಮಹಿಳೆಯರ ಜೊತೆ ಸೇರಿ ಸ್ಥಳೀಯ ಸಂಸ್ಥೆಗಳೇ ಇವನ್ನು ನಡೆಸುತ್ತವೆ. ಮಕ್ಕಳಿಗೆ ಬಡ್ಸ್ ಶಾಲೆ, ಹದಿನೆಂಟು ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರ. ಇಂದು ಅಂಥವು ಮುನ್ನೂರಕ್ಕೂ ಹೆಚ್ಚಿವೆ. ನಮ್ಮಲ್ಲೂ ಸ್ತ್ರೀಶಕ್ತಿ ಸಂಘಗಳಿವೆ. ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತಾವೂ ವಿಕಲಚೇತನರಾಗಿದ್ದು, ಗೌರವಧನದ ಮೇಲೆ ದುಡಿಯುವ ಇವರಿಗೆ ಯಾವ ಮನೆಯಲ್ಲಿ ಯಾರಿದ್ದಾರೆಂದು ಗೊತ್ತು. ಹದಿನೆಂಟು ದಾಟಿದವರ ಪಟ್ಟಿಯನ್ನು ಅವರಿಂದ ತರಿಸಿಕೊಳ್ಳಿ. ನನ್ನ ಹನ್ನೊಂದು ಮನೆಯ ಪಟ್ಟಿಯನ್ನೂ, ಆ ಮನೆಯವರು ಒಪ್ಪಿದರೆ, ನಿಮ್ಮ ಕೈಗೆ ಕೊಡುತ್ತೇನೆ.

ಇನ್ನೊಂದು ಚಿಕ್ಕ ಕೋರಿಕೆ. ಪಾಲಕತ್ವದ ಸಮಿತಿ ಮೂರು ನಾಲ್ಕು ತಿಂಗಳಿಗೊಮ್ಮೆ ತಾಲ್ಲೂಕು ಕೇಂದ್ರದಲ್ಲೇ ಕೂರುವಂತೆ ಜಿಲ್ಲಾಧಿಕಾರಿಗಳನ್ನು ಕೇಳಿಕೊಳ್ಳಿ. ಆ ದಿನವೇ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯ ಅರ್ಜಿಯನ್ನೂ ತುಂಬಿಸಲಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆ ನಾನು ಹೋದ ಹನ್ನೊಂದು ಮನೆಗಳಲ್ಲಿ ಗೊತ್ತಿದ್ದದ್ದು ಒಂದು ಮನೆಗೆ.

ತಡಮಾಡಬೇಡಿ ಎಂದು ಕೇಳುವುದಕ್ಕೆ ಕಾರಣವಿದೆ. ಹಿಂದೆ ಡೌನ್ ಸಿಂಡ್ರೋಮ್ ಇದ್ದವರು ಎಳೆವಯಸ್ಸಿನಲ್ಲೇ ಹೋಗಿಬಿಡುತ್ತಿದ್ದರು. ಈಗ ಹೃದಯದ ಚಿಕಿತ್ಸೆ, ಥೈರಾಯ್ಡ್ ಮಾತ್ರೆಗಳಿಂದ ಐವತ್ತು, ಅರವತ್ತರವರೆಗೂ ಬದುಕುತ್ತಾರೆ. ಆದರೆ ಅವರಿಗೆ ಮುಪ್ಪು ಬೇಗ ಬರುತ್ತದೆ, ನಲವತ್ತು ಐವತ್ತರ ನಡುವೆಯೇ ಮರೆವಿನ ಕಾಯಿಲೆ ಶುರುವಾಗುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ನನ್ನ ತಮ್ಮನಿಗೆ ಕಲಿಯಲು ಉಳಿದಿರುವ ಒಳ್ಳೆಯ ವರ್ಷಗಳು ಇವೇ. ಅವನ ಒಂದೊಂದು ಹತ್ತು ಗಂಟೆಯೂ ಬಾಗಿಲಲ್ಲಿ ಕಳೆಯುತ್ತಿದೆ.

ನಮ್ಮ ಮನೆಯಲ್ಲಿ ಹುಳು ಈಗ ಮೂರನೇ ಜ್ವರದಲ್ಲಿದೆ. ಇನ್ನು ಇಪ್ಪತ್ತು ದಿನದೊಳಗೆ ಗೂಡು ಬಿಡಿಸುತ್ತೇವೆ. ಆ ದಿನ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಹಾರ, ಫೋಟೊ ಏನೂ ಇರುವುದಿಲ್ಲ. ನನ್ನ ತಮ್ಮ ನಿಮ್ಮ ಕೈಗೆ ಒಂದು ಡಬಲ್ ಗೂಡು ಕೊಟ್ಟು, ಅದನ್ನು ಯಾವ ಬುಟ್ಟಿಗೆ ಹಾಕಬೇಕೆಂದು ತೋರಿಸುತ್ತಾನೆ. ನೀವು ತಪ್ಪು ಬುಟ್ಟಿಗೆ ಹಾಕಿದರೆ ಎತ್ತಿ ಸರಿಯಾದ ಬುಟ್ಟಿಗೆ ಹಾಕುತ್ತಾನೆ, ಬೇಜಾರು ಮಾಡಿಕೊಳ್ಳಬೇಡಿ. ಹತ್ತು ಗಂಟೆಯವರೆಗೂ ಇರಿ.

ಇಂತಿ,
ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ಅಕ್ಕ