ಆಟಿಕೆ ಟ್ರಕ್ಕಿನಲ್ಲೂ ಎಂಜಿನಿಯರಿಂಗ್ ಪಾಠವಿದೆ

ಮಾನ್ಯರೇ,

ಶಿರಸಿಯ ನಮ್ಮ ಮನೆಯಲ್ಲಿ ಕಳೆದ ಮಳೆಗಾಲವಿಡೀ ಮಗಳೂ ನಾನೂ ಸೇರಿ ರೇಡಿಯೊ ನಿಯಂತ್ರಿತ ಟ್ರಕ್ಕೊಂದನ್ನು ಕಟ್ಟಿದೆವು. ಅಂದಾಜಿನ ಮೇಲೆ ಮಾಡಿದ ಮೊದಲನೆಯದು ತೋಟದ ಇಳಿಜಾರಿನಲ್ಲಿ ಪದೇ ಪದೇ ಮಗುಚಿ, ಕೊನೆಗೆ ಅದರ ಸಸ್ಪೆನ್ಷನ್ ತೋಳು (ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ಭಾಗ) ಮುರಿಯಿತು. ಎರಡನೆಯದನ್ನು ಉಚಿತ ತಂತ್ರಾಂಶವಾದ ಫ್ರೀಕ್ಯಾಡ್‌ನಲ್ಲಿ ವಿನ್ಯಾಸ ಮಾಡಿದಾಗ ಕಾರಣ ತಿಳಿಯಿತು. ಎಡಬಲ ಚಕ್ರಗಳ ನಡುವಿನ ಅಂತರ 20 ಸೆಂ.ಮೀ., ಗುರುತ್ವಕೇಂದ್ರದ ಎತ್ತರ 10 ಸೆಂ.ಮೀ. ಇದ್ದರೆ, ನಿಂತ ವಾಹನವು ಸುಮಾರು 45 ಡಿಗ್ರಿ ಅಡ್ಡ ಓರೆಯಲ್ಲಿ ಉರುಳುತ್ತದೆ. ಬ್ಯಾಟರಿಯನ್ನು ಕೆಳಗಿಳಿಸಿ ಆ ಎತ್ತರವನ್ನು 8 ಸೆಂ.ಮೀ.ಗೆ ತಂದರೆ ಅದೇ ವಾಹನ ಸುಮಾರು 51 ಡಿಗ್ರಿಯವರೆಗೆ ನಿಲ್ಲುತ್ತದೆ. ತೋಳಿನ ಮೇಲೆ ಬೀಳುವ ಒತ್ತಡ ಎಲ್ಲಿ ಕೇಂದ್ರೀಕೃತವಾಗುತ್ತದೆ ಎಂಬುದನ್ನೂ ಅದೇ ತಂತ್ರಾಂಶದ ಸಿಮ್ಯುಲೇಷನ್ ಬಣ್ಣಗಳಲ್ಲಿ ತೋರಿಸಿತು: ಚೂಪಾದ ಒಳಮೂಲೆಯಲ್ಲಿ, ಸರಿಯಾಗಿ ಮುರಿದ ಜಾಗದಲ್ಲಿಯೇ. ಮೂಲೆಯನ್ನು ದುಂಡಗೆ ಮಾಡಿದ ಮೇಲೆ ತೋಳು ಮುರಿದಿಲ್ಲ.

ಆದರೆ ಪರದೆಯ ಮೇಲಿನ ಲೆಕ್ಕ ನಾವು ಕೊಟ್ಟ ಮಾಹಿತಿಯಷ್ಟೇ ನಿಖರ. ಒದ್ದೆ ಜಂಬಿಟ್ಟಿಗೆ ಮಣ್ಣಿನ ಮೇಲೆ ಟೈರಿನ ಹಿಡಿತವೆಷ್ಟು ಎಂಬುದನ್ನು ಅಂಗಳದಲ್ಲಿ ಓಡಿಸಿಯೇ ಅಳೆಯಬೇಕಾಯಿತು.

ಕಾರವಾರದಿಂದ ಸಿದ್ದಾಪುರದವರೆಗೆ ನಮ್ಮ ಜಿಲ್ಲೆಯ ಪ್ರೌಢಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ಇಂಥ ವಿನ್ಯಾಸದ ಕೆಲಸಕ್ಕೆ ವಾರಕ್ಕೊಂದು ಅವಧಿಯನ್ನಾದರೂ ಮೀಸಲಿಡಬೇಕೆಂದು ಶಿಕ್ಷಣ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಓರ್ವ ಪಾಲಕ, ಶಿರಸಿ